ಶೂನ್ಯತೆ ಮತ್ತು ಶೀಲ: ನಾಗಾರ್ಜುನನ ಉತ್ತರ

ಬೌದ್ಧರ ಶೂನ್ಯವಾದವನ್ನು ಕುರಿತು ಪ್ರಾಚೀನ ಕಾಲದಿಂದಲೂ ಒಂದು ಆಕ್ಷೇಪಣೆ ಕೇಳಿಬರುತ್ತಿದೆ. ಎಲ್ಲವೂ ಶೂನ್ಯವಾದರೆ ಪುಣ್ಯಪಾಪಗಳೆಲ್ಲಿ? ಕರ್ಮಕ್ಕೆ ಫಲವೆಲ್ಲಿ? ದಾನಶೀಲಗಳಿಗೆ ಬೆಲೆಯೇನು? ಈ ಆಕ್ಷೇಪಣೆಯನ್ನು ಮರೆಮಾಚದೆ ತನ್ನ ಗ್ರಂಥದಲ್ಲಿಯೇ ಬರೆದಿಟ್ಟು ಉತ್ತರಿಸಿದವನು ಶೂನ್ಯವಾದದ ಆಚಾರ್ಯನಾದ ನಾಗಾರ್ಜುನ.

ಕ್ರಿ.ಶ. 2ನೆಯ ಶತಮಾನದ ಸುಮಾರಿಗೆ ಬಾಳಿದ ಈತನ ‘ಮೂಲಮಧ್ಯಮಕಕಾರಿಕೆ’ಯಲ್ಲಿ 27 ಪ್ರಕರಣಗಳಿವೆ. ಎಲ್ಲವೂ ಶೂನ್ಯವಾದರೆ ನಾಲ್ಕು ಆರ್ಯಸತ್ಯಗಳಾಗಲಿ, ಬುದ್ಧ, ಧರ್ಮ, ಸಂಘಗಳಾಗಲಿ ಉಳಿಯವು ಎಂದು 24ನೆಯ ಪ್ರಕರಣದಲ್ಲಿ ಪೂರ್ವಪಕ್ಷಿಯು ವಾದಿಸುತ್ತಾನೆ.

ನಾಗಾರ್ಜುನನ ಉತ್ತರವು ಪ್ರತೀತ್ಯಸಮುತ್ಪಾದವನ್ನು ಆಧರಿಸಿದೆ. ಯಾವುದೂ ತನ್ನಷ್ಟಕ್ಕೆ ಹುಟ್ಟದು, ಹೇತುಪ್ರತ್ಯಯಗಳನ್ನು ಆಶ್ರಯಿಸಿಯೇ ಹುಟ್ಟುವುದೆಂಬುದು ಬುದ್ಧನ ಬೋಧೆ. ಅವಿದ್ಯೆಯಿಂದ ಜರಾಮರಣದವರೆಗಿನ 12 ಅಂಗಗಳಲ್ಲಿ ದುಃಖದ ಹುಟ್ಟನ್ನು ವಿವರಿಸಿದ್ದೂ ಹೀಗೆಯೇ. ಇದನ್ನೇ ತಾನು ಶೂನ್ಯತೆಯೆಂದು ಕರೆಯುವುದಾಗಿ ನಾಗಾರ್ಜುನನು ಹೇಳುತ್ತಾನೆ. ಶೂನ್ಯವೆಂದರೆ ಸ್ವತಂತ್ರವಾದ ಸ್ವಭಾವದಿಂದ ಶೂನ್ಯ. ಬೀಜವು ಮಣ್ಣುನೀರುಗಳ ಹಂಗಿಲ್ಲದೆ ಸ್ವಭಾವಸಿದ್ಧವಾಗಿದ್ದರೆ ಅದು ಎಂದೂ ಮೊಳಕೆಯಾಗದು. ಅಂತೆಯೇ ದುಃಖವು ಸ್ವಭಾವಸಿದ್ಧವಾಗಿದ್ದರೆ ಅದಕ್ಕೆ ನಾಶವಿಲ್ಲ, ಸಾಧನೆಗೆ ಅವಕಾಶವಿಲ್ಲ. ಹೀಗೆ ಆಕ್ಷೇಪಣೆಯು ಆಕ್ಷೇಪಿಸಿದವನ ಕಡೆಗೇ ತಿರುಗುತ್ತದೆ. ತಪ್ಪಾಗಿ ಗ್ರಹಿಸಿದ ಶೂನ್ಯತೆಯು ತಪ್ಪಾಗಿ ಹಿಡಿದ ಹಾವಿನಂತೆ ಮಂದಬುದ್ಧಿಯವನನ್ನು ಕೆಡಿಸುವುದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ಜೈನಾಚಾರ್ಯರು ಈ ವಾದವನ್ನು ಸುಮ್ಮನೆ ಬಿಡಲಿಲ್ಲ. ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಅಭಾವೈಕಾಂತವನ್ನು ಪರೀಕ್ಷಿಸಿ, ಎಲ್ಲವೂ ಅಭಾವವಾದರೆ ಜ್ಞಾನವೂ ವಾಕ್ಯವೂ ಪ್ರಮಾಣವಾಗವು, ಆಗ ಸಾಧಿಸುವುದಾಗಲಿ ದೂಷಿಸುವುದಾಗಲಿ ಯಾವುದರಿಂದ ಎಂದು ಕೇಳಿದರು. 8ನೆಯ ಶತಮಾನದಲ್ಲಿ ಅಕಲಂಕದೇವರು ಆ ಗ್ರಂಥಕ್ಕೆ ‘ಅಷ್ಟಶತೀ’ ಎಂಬ ವೃತ್ತಿಯನ್ನು ರಚಿಸಿದರು.

ಇಂಥದೇ ಪ್ರಶ್ನೆಯನ್ನು ನಾಗಾರ್ಜುನನು ‘ವಿಗ್ರಹವ್ಯಾವರ್ತನೀ’ ಎಂಬ ಕೃತಿಯಲ್ಲಿ ಎದುರಿಸಿದ್ದಾನೆ. ಅದರ ಸಂಸ್ಕೃತ ಹಸ್ತಪ್ರತಿಯನ್ನು ರಾಹುಲ ಸಾಂಕೃತ್ಯಾಯನರು 1936ರಲ್ಲಿ ಟಿಬೆಟ್ಟಿನಲ್ಲಿ ಕಂಡುಹಿಡಿದರು. ಬಂಡಿಯೂ ಗಡಿಗೆಯೂ ಪರಾಶ್ರಿತವಾದ್ದರಿಂದ ಶೂನ್ಯವೇ. ಆದರೂ ಬಂಡಿಯು ಕಟ್ಟಿಗೆಯನ್ನು ಹೊರುತ್ತದೆ, ಗಡಿಗೆಯು ನೀರನ್ನು ಹಿಡಿಯುತ್ತದೆ. ತನ್ನ ಮಾತೂ ಹಾಗೆಯೇ ಶೂನ್ಯವಾಗಿದ್ದು ಕಾರ್ಯವನ್ನು ಮಾಡುವುದೆಂದು ಆತನು ಸಮಾಧಾನ ಹೇಳುತ್ತಾನೆ. ಉತ್ಪಾದವ್ಯಯಗಳ ಜೊತೆಗೆ ಧ್ರೌವ್ಯವನ್ನೂ ಒಪ್ಪುವ ಜೈನದರ್ಶನಕ್ಕೆ ಇದು ಸಮ್ಮತವಾಗದು. ಆದರೆ ಭೇದವಿರುವುದು ಎಲ್ಲಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಬದಲಾವಣೆಯ ನಡುವೆ ನಿಲ್ಲುವ ದ್ರವ್ಯವೊಂದು ಉಂಟೇ ಎಂಬಲ್ಲಿ. ಶೀಲವು ಬೇಕೇ ಎಂಬಲ್ಲಿ ಅಲ್ಲ.

ಈ ತತ್ತ್ವವು ಆಚರಣೆಗೆ ಇಳಿದ ಬಗೆಯನ್ನು 8ನೆಯ ಶತಮಾನದ ಶಾಂತಿದೇವನ ‘ಬೋಧಿಚರ್ಯಾವತಾರ’ದ ಕ್ಷಾಂತಿ ಪರಿಚ್ಛೇದದಲ್ಲಿ ಕಾಣಬಹುದು. ನೋವನ್ನುಂಟುಮಾಡುವ ಪಿತ್ತದ ಮೇಲೆ ಯಾರೂ ಕೋಪಗೊಳ್ಳರು. ಹೊಡೆಯುವವನೂ ದ್ವೇಷವೆಂಬ ಕಾರಣದಿಂದ ಪ್ರೇರಿತನಾಗಿರುವಾಗ ಅವನ ಮೇಲೇಕೆ ಕೋಪ ಎಂದು ಆತನ ಪ್ರಶ್ನೆ. ಕಾರಣಗಳನ್ನು ಅರಿತವನಿಗೆ ಕ್ಷಮೆಯು ಸುಲಭವಾಗುತ್ತದೆ.

ಪರಮತವನ್ನು ಖಂಡಿಸುವ ಮೊದಲು ಅದು ಹೇಳುವುದನ್ನು ಸರಿಯಾಗಿ ತಿಳಿಯಬೇಕು. ಶೂನ್ಯವಾದಿಯು ಧರ್ಮಾಧರ್ಮಗಳನ್ನು ಅಲ್ಲಗಳೆದನೆಂಬ ಮಾತು ನಾಗಾರ್ಜುನನ ವಿಷಯದಲ್ಲಿ ನಿಲ್ಲದು. ಆತನೊಡನೆ ಭಿನ್ನಾಭಿಪ್ರಾಯವುಳ್ಳವರೂ ಇಷ್ಟನ್ನು ಒಪ್ಪುವುದು ನ್ಯಾಯ.