ಏನಾಯಿತು ಎಂದು ಕೇಳಿದ ಪುಸ್ತಕ

ಹೊಟ್ಟೆಪಾಡಿಗೆ ನಾನು ಮಾಡುವ ಅನುವಾದಗಳಲ್ಲಿ ಔಷಧಿ ಡಬ್ಬಿಯೊಳಗಿನ ಚೀಟಿ ಇದೆ, ಬ್ಯಾಂಕಿನ ಅರ್ಜಿ ಇದೆ, ಎರಡು ವರ್ಷದಿಂದ ಶಾಲಾಮಕ್ಕಳ ‘ವಾರದ ಚಟುವಟಿಕೆ’ಯೂ ಇದೆ. ಆರರಿಂದ ಒಂಬತ್ತನೇ ತರಗತಿಯವರೆಗೆ ತರಗತಿಗೊಂದು ಹಾಳೆ. ಸೋಮವಾರ ಇಂಗ್ಲಿಷಿನಲ್ಲಿ ಬರುತ್ತದೆ, ಶುಕ್ರವಾರ ಸಂಜೆಯೊಳಗೆ ಕನ್ನಡವಾಗಿ ವಾಪಸ್ ಹೋಗಬೇಕು. ಕಳೆದ ತಿಂಗಳು ಏಳನೇ ತರಗತಿಗೆ ಅರಿಶಿನದ ಪ್ರಯೋಗ ಬಂದಿತ್ತು. ಅರಿಶಿನವನ್ನು ನೀರಲ್ಲಿ ಕಲಸಿ ಕಾಗದಕ್ಕೆ ಬಳಿದು ಒಣಗಿಸಿ, ಅದರ ಮೇಲೆ ಸೋಪಿನ ನೀರು, ನಿಂಬೆರಸ, ಅಡುಗೆ ಸೋಡಾದ ನೀರು ಹನಿಸಿ, ಏನಾಗುತ್ತದೆ ಗಮನಿಸಿ. ಇಲ್ಲಿಯವರೆಗೆ ಚೆನ್ನಾಗಿತ್ತು. ಮರುಸಾಲಿನಲ್ಲೇ, ಸೋಪಿನ ನೀರು ಮತ್ತು ಸೋಡಾದ ನೀರು ಬಿದ್ದ ಕಡೆ ಕಾಗದ ಕಡುಗೆಂಪಾಗುವುದನ್ನು ನೀವು ಕಾಣುವಿರಿ ಎಂದಿತ್ತು.

ಗಮನಿಸಿ ಎಂದು ಹೇಳಿದ ಉಸಿರಿನಲ್ಲೇ ಕಾಣುವಿರಿ ಎಂದುಬಿಟ್ಟರೆ ಗಮನಿಸುವುದಕ್ಕೆ ಇನ್ನೇನು ಉಳಿಯಿತು? ನಾನು ಆ ಸಾಲನ್ನು ತೆಗೆದು ‘ಏನಾಯಿತು? ಬರೆಯಿರಿ’ ಎಂದು ಹಾಕಿ ಕಳಿಸಿದೆ. ಮರುದಿನ ಹಾಳೆ ವಾಪಸ್ ಬಂತು, ಮೂಲದಲ್ಲಿ ಇರುವಂತೆಯೇ ಇರಲಿ ಎಂಬ ಟಿಪ್ಪಣಿಯೊಂದಿಗೆ. ಅನುವಾದಕಿಯ ಮಟ್ಟಿಗೆ ಅದು ನ್ಯಾಯವಾದ ಮಾತೇ. ಆದರೆ ಆ ‘ಕಾಣುವಿರಿ’ ತಲೆಯಲ್ಲಿ ಉಳಿದುಹೋಯಿತು. ಅದು ಎಲ್ಲಿಂದ ಬಂತು, ಅದಿಲ್ಲದೆ ಪಾಠ ಬರೆದವರು ಯಾರಾದರೂ ಇದ್ದರೇ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಮಧ್ಯಪ್ರದೇಶದ ಹೋಶಂಗಾಬಾದ್.

ಅಲ್ಲಿಗೆ ಹೋಗುವ ಮೊದಲು ‘ಪ್ರಾಜೆಕ್ಟ್’ ಎಂಬ ಪದದ ಬಗ್ಗೆ ಎರಡು ಮಾತು. ಪುಣೆಯಲ್ಲಿ ನಮ್ಮ ಓಣಿಯ ಸ್ಟೇಷನರಿ ಅಂಗಡಿಯಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಗದ್ದಲವೋ ಗದ್ದಲ. ಸೌರಮಂಡಲದ ಥರ್ಮೋಕೋಲ್ ಗೋಲಗಳು, ಹೊಳೆಯುವ ಕಾಗದ, ನದಿಗಳ ಚಿತ್ರದ ಹಾಳೆ. ನಿಮ್ಮ ಮುಂಬೈ, ಚೆನ್ನೈಗಳಲ್ಲೂ ಇದೇ ಇರಬೇಕು. ‘ಪ್ರಾಜೆಕ್ಟ್ ಕೊಟ್ಟಿದ್ದಾರೆ’ ಎನ್ನುತ್ತಾರೆ ಮಕ್ಕಳು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ‘ದಿ ಪ್ರಾಜೆಕ್ಟ್ ಮೆಥಡ್’ ಎಂಬ ಲೇಖನದಿಂದ ಈ ಪದ ಶಾಲೆಗಳಲ್ಲಿ ಹೆಸರಾಯಿತು. ಅವರು ಕೊಟ್ಟ ಉದಾಹರಣೆ, ತನಗೊಂದು ಉಡುಪು ಹೊಲಿದುಕೊಳ್ಳುವ ಹುಡುಗಿ. ಅವಳೇ ಮನಸ್ಸಿಟ್ಟು, ತಾನೇ ಲೆಕ್ಕ ಹಾಕಿ ಹೊಲಿದರೆ ಅದು ಪ್ರಾಜೆಕ್ಟ್. ಯಾರದೋ ಒತ್ತಾಯಕ್ಕೆ ಹೊಲಿದರೆ ಬರೀ ದುಡಿಮೆ. ಆ ಲೆಕ್ಕದಲ್ಲಿ ‘ಕೊಟ್ಟ’ ಪ್ರಾಜೆಕ್ಟ್ ಪ್ರಾಜೆಕ್ಟೇ ಅಲ್ಲ. ನೂರು ವರ್ಷದಲ್ಲಿ ಪದ ಉಳಿಯಿತು, ಹುಡುಗಿ ಹೋದಳು, ಅಂಗಡಿ ಬಂತು.

ನಮ್ಮಲ್ಲಿ ಇದಕ್ಕೆ ಹಳೆಯ ಕಾರಣವೂ ಇದೆ. ಭಾರತದ ಶಾಲೆ ಪಠ್ಯಪುಸ್ತಕದ ಸುತ್ತಲೇ ಯಾಕೆ ಸುತ್ತುತ್ತದೆ ಎಂದು ಶಿಕ್ಷಣತಜ್ಞ ಕೃಷ್ಣಕುಮಾರ್ ಬರೆದಿದ್ದಾರೆ. ಬ್ರಿಟಿಷರ ಕಾಲದಲ್ಲಿ ಪುಸ್ತಕವನ್ನು ಇಲಾಖೆ ಒಪ್ಪಬೇಕು, ಪರೀಕ್ಷೆ ಆ ಪುಸ್ತಕದಿಂದಲೇ ಬರಬೇಕು. ನಡುವೆ ನಿಂತ ಮೇಷ್ಟರಿಗೆ ಸಂಬಳವೂ ಕಡಿಮೆ, ಏನು ಕಲಿಸಬೇಕೆಂದು ತೀರ್ಮಾನಿಸುವ ಹಕ್ಕೂ ಇಲ್ಲ. ಪುಸ್ತಕವೇ ಪಠ್ಯಕ್ರಮವಾಯಿತು, ಬಾಯಿಪಾಠ ಮಾಡುವುದೇ ಜಾಣತನವಾಯಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಕಲಿಸುವ ‘ನಯೀ ತಾಲೀಮ್’ ಮುಂದಿಟ್ಟರು, ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ಬರೆಯಿತು. ಆ ಕಥೆ ಬೇರೆ, ಉದ್ದ. ನನಗೆ ಬೇಕಾದದ್ದು ಇಷ್ಟೇ: ಪರೀಕ್ಷೆಗೆ ಕೈ ಹಚ್ಚದೆ ಶಾಲೆಯೊಳಗೆ ಏನನ್ನು ತಂದರೂ ಅದು ಕಡೆಗೆ ನಕಲು ಮಾಡುವ ವಸ್ತುವಾಗುತ್ತದೆ. ಹೋಶಂಗಾಬಾದಿನವರು ಪರೀಕ್ಷೆಗೇ ಕೈ ಹಚ್ಚಿದರು.

1970ರ ದಶಕದ ಆರಂಭ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಅನಿಲ್ ಸದ್ಗೋಪಾಲ್ ಕೆಲಸ ಬಿಟ್ಟು ಹೋಶಂಗಾಬಾದ್ ಜಿಲ್ಲೆಯಲ್ಲಿ ‘ಕಿಶೋರ್ ಭಾರತಿ’ ಎಂಬ ಸಂಸ್ಥೆ ಕಟ್ಟಿದ್ದರು. ಅದೇ ಜಿಲ್ಲೆಯ ರಸೂಲಿಯಾದಲ್ಲಿ ಕ್ವೇಕರ್ ಪಂಥದವರ ‘ಫ್ರೆಂಡ್ಸ್ ರೂರಲ್ ಸೆಂಟರ್’ ಇತ್ತು. ಎರಡೂ ಸೇರಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಪ್ರಯೋಗ ಶುರು ಮಾಡಿದವು. ಇವು ಖಾಸಗಿ ಮಾದರಿ ಶಾಲೆಗಳಲ್ಲ. ಹಳ್ಳಿಯ ಸಾಮಾನ್ಯ ಶಾಲೆಗಳು, ಸಾಮಾನ್ಯ ಮೇಷ್ಟರು. ಟಾಟಾ ಸಂಸ್ಥೆಯ, ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಜೆ ಹಾಕಿ ಬಂದು ಆ ಮೇಷ್ಟರ ಜೊತೆ ಕೂತು ಪಾಠ ಬರೆದರು. 1978ರಲ್ಲಿ ಇದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಇದನ್ನು ಮುಂದುವರಿಸಲೆಂದೇ ‘ಏಕಲವ್ಯ’ ಸಂಸ್ಥೆ ಹುಟ್ಟಿತು.

ಆರು, ಏಳು, ಎಂಟನೇ ತರಗತಿಗೆ ಅವರು ಮಾಡಿದ ಪುಸ್ತಕದ ಹೆಸರು ‘ಬಾಲ ವೈಜ್ಞಾನಿಕ’. ಮೊದಲು ಓದಿದಾಗ ನಾನು ಎಡವಿದೆ. ಕನ್ನಡದಲ್ಲಿ ವೈಜ್ಞಾನಿಕ ಎಂದರೆ ವಿಜ್ಞಾನಕ್ಕೆ ಸಂಬಂಧಿಸಿದ್ದು. ಹಿಂದಿಯಲ್ಲಿ ಅದೇ ಪದಕ್ಕೆ ವಿಜ್ಞಾನಿ ಎಂಬ ಅರ್ಥವೂ ಇದೆ. ಹಾಗಾಗಿ ಅದು ಮಕ್ಕಳಿಗಾಗಿ ಬರೆದ ವಿಜ್ಞಾನದ ಪುಸ್ತಕವಲ್ಲ. ಮಗುವೇ ವಿಜ್ಞಾನಿ ಎನ್ನುತ್ತಿದೆ ಹೆಸರು.

ಹೆಸರಿಗೆ ತಕ್ಕ ಹಾಗೇ ಇದೆ ಒಳಗಿನ ಬರಹ. ಪ್ರಯೋಗ ಹೇಗೆ ಮಾಡಬೇಕು ಎಂದಿದೆ, ಆಮೇಲೆ ಪ್ರಶ್ನೆ. ಉತ್ತರ ಇಲ್ಲ. ಉತ್ತರ ಬರಬೇಕಾದದ್ದು ಹುಡುಗರ ನೋಟ್‌ಬುಕ್ಕಿನಲ್ಲಿ. ನಾಲ್ಕು ನಾಲ್ಕು ಮಕ್ಕಳ ಟೋಳಿ ಮಾಡಿ, ಟೋಳಿಗೊಂದು ಕಿಟ್. ಎಲೆಗಳನ್ನು ತಂದು ನಿಮಗೆ ತೋಚಿದ ಹಾಗೆ ಗುಂಪು ಮಾಡಿ ಎಂದರೆ, ಒಂದು ಟೋಳಿ ಅಂಚು ನೋಡಿ ವಿಂಗಡಿಸಬಹುದು, ಇನ್ನೊಂದು ನರಗಳನ್ನು ನೋಡಿ. ಮತ್ತೆ ಅಳತೆಯ ಪಾಠ. ಒಂದೇ ಮೇಜನ್ನು ಹತ್ತು ಮಕ್ಕಳು ಅಳೆದರೆ ಹತ್ತು ಅಳತೆ ಒಂದೇ ಆಗಿರುವುದಿಲ್ಲ. ಮಾಮೂಲಿ ತರಗತಿಯಲ್ಲಿ ಇದು ತಪ್ಪು, ಮುಚ್ಚಿಡಬೇಕಾದದ್ದು. ಇಲ್ಲಿ ಆ ಹೆಚ್ಚುಕಡಿಮೆಯೇ ಪಾಠ. ‘ಸಂಯೋಗ ಮತ್ತು ಸಂಭಾವಿತಾ’ ಎಂಬ ಅಧ್ಯಾಯದಲ್ಲಿ ಮಕ್ಕಳು ನಾಣ್ಯ ಚಿಮ್ಮಿ ಲೆಕ್ಕ ಇಡುತ್ತಿದ್ದರು. ಪಕ್ಕದವನ ಪುಸ್ತಕ ನೋಡಿ ಬರೆದರೆ ಅವನ ನಾಣ್ಯದ ಲೆಕ್ಕ ಬರುತ್ತದೆಯೇ ಹೊರತು ನನ್ನದಲ್ಲ. ನಕಲು ಮಾಡಬೇಡ ಎಂದು ಯಾರೂ ಉಪದೇಶ ಮಾಡಬೇಕಿರಲಿಲ್ಲ, ಕೆಲಸವೇ ಹಾಗಿತ್ತು.

ಪುಸ್ತಕದೊಳಗೆ ಒಬ್ಬ ಗೆಳೆಯನೂ ಇದ್ದ, ಸವಾಲೀರಾಮ್. ಕಲ್ಪಿತ ವ್ಯಕ್ತಿ, ಮಕ್ಕಳು ಏನು ಕೇಳಬೇಕೆನಿಸಿದರೂ ಅವನಿಗೆ ಕಾಗದ ಬರೆಯಬಹುದಿತ್ತು, ಬರೆದವರಿಗೆ ಜವಾಬು ಹೋಗುತ್ತಿತ್ತು. ಕನ್ನಡದ ಕಿವಿಗೆ ಈ ಹೆಸರು ತೊಡೆ ತಟ್ಟಿ ನಿಂತವನ ಹೆಸರಿನಂತೆ ಕೇಳುತ್ತದೆ. ಹಿಂದಿಯಲ್ಲಿ ಸವಾಲ್ ಎಂದರೆ ಬರೀ ಪ್ರಶ್ನೆ. ನಮ್ಮಲ್ಲಿ ಆ ಅರ್ಥ ಕೋರ್ಟಿನ ‘ಪಾಟೀಸವಾಲಿ’ನಲ್ಲಿ ಮಾತ್ರ ಉಳಿದುಕೊಂಡಿದೆ. ಉಳಿದ ಕಡೆಯೆಲ್ಲ ನಾವು ಪ್ರಶ್ನೆಯನ್ನು ಜಗಳವಾಗಿ ಮಾಡಿಕೊಂಡಿದ್ದೇವೆ. (ಭಾಷಾಶಾಸ್ತ್ರ ಓದಿದವರು ಇಂಥ ಕಡೆ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತೇವೆ, ಕ್ಷಮಿಸಿ.)

ಪುಣೆಗೂ ಈ ಕಥೆಗೂ ನಂಟಿದೆ. ಇಲ್ಲಿನ ಟೆಲ್ಕೊ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ್ ಗುಪ್ತಾ 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿಗೆ ಹೋದರು. ಹಳ್ಳಿಯ ಸಂತೆಯಲ್ಲಿ ಏನು ಸಿಗುತ್ತದೋ ಅದರಲ್ಲೇ ಪ್ರಯೋಗ ಆಗಬೇಕು. ಅವರ ಕೈಗೆ ಸಿಕ್ಕಿದ್ದು ಸೈಕಲ್ಲಿನ ವಾಲ್ವ್ ಟ್ಯೂಬು, ಬೆಂಕಿಕಡ್ಡಿ. ಟ್ಯೂಬಿನ ಚೂರಿನಲ್ಲಿ ಎರಡು ಕಡೆಯಿಂದ ಕಡ್ಡಿ ತೂರಿಸಿದರೆ ಒಂದು ಕೀಲು. ಮೂರನೇ ಕಡ್ಡಿ ಸೇರಿಸಲು ಜಾಲಿಮುಳ್ಳಿನಿಂದ ತೂತು. ಮೂರು ಕಡ್ಡಿಯ ತ್ರಿಕೋನವನ್ನು ಒತ್ತಿದರೆ ಅಲುಗಾಡುವುದಿಲ್ಲ, ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಓರೆಯಾಗಿ ಮಲಗಿಬಿಡುತ್ತದೆ. ರೈಲ್ವೆ ಸೇತುವೆಯ ತುಂಬ ತ್ರಿಕೋನಗಳೇ ಯಾಕೆ ಎಂಬುದು ಬೆರಳಿಗೆ ತಿಳಿಯುತ್ತದೆ. ಮುಂದೆ ಅವರು ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಇಂಥ ಆಟಿಕೆಗಳನ್ನು ಮಾಡಿ ತೋರಿಸಿದರು. ನಮ್ಮ ಓಣಿಯ ಥರ್ಮೋಕೋಲ್ ಅಂಗಡಿಗೂ ಅದಕ್ಕೂ ಬಹಳ ದೂರವೇನಿಲ್ಲ.

ಆದರೆ ಆಟಿಕೆ, ಕಿಟ್ಟುಗಳಿಗಿಂತ ದೊಡ್ಡ ಕೆಲಸ ಪರೀಕ್ಷೆಯದು. ಹೋಶಂಗಾಬಾದಿನ ಮಕ್ಕಳು ವಿಜ್ಞಾನದ ಪರೀಕ್ಷೆಗೆ ಪುಸ್ತಕವನ್ನೂ ತಾವು ಬರೆದ ನೋಟ್‌ಬುಕ್ಕನ್ನೂ ಒಳಗೆ ಒಯ್ಯಬಹುದಿತ್ತು. ಜೊತೆಗೆ ಪ್ರಯೋಗ ಪರೀಕ್ಷೆ. ಪುಸ್ತಕ ತೆರೆದಿಟ್ಟರೂ ಅದರಲ್ಲಿ ಉತ್ತರ ಇಲ್ಲವಲ್ಲ. ವರ್ಷವಿಡೀ ತಾನೇ ಬರೆದುಕೊಂಡದ್ದಷ್ಟೇ ಆಸರೆ. ಪ್ರತಿ ವಾರ ಬರೆದ ನೋಟ್‌ಬುಕ್ಕಿಗೆ ಇದರಿಂದ ಬೆಲೆ ಬಂತು. ಅದು ಮೇಷ್ಟರ ಸಹಿಗಾಗಿ ಅಲ್ಲ, ಮಾರ್ಚ್‌ನಲ್ಲಿ ತನಗೇ ಬೇಕಾಗುತ್ತದೆ ಎಂದು ಬರೆದದ್ದು. ಮೇಷ್ಟರೂ ಒಂಟಿಯಲ್ಲ: ಬೇಸಿಗೆಯಲ್ಲಿ ತರಬೇತಿ, ತಿಂಗಳಿಗೊಮ್ಮೆ ಹತ್ತಿರದ ಶಾಲೆಗಳ ಮೇಷ್ಟರೆಲ್ಲ ಸೇರುವ ಗೋಷ್ಠಿ. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದಾಗ ಉತ್ತರ ತೋಚಲಿಲ್ಲ ಎಂಬುದನ್ನು ಅಲ್ಲಿ ಹೇಳಿಕೊಳ್ಳಬಹುದಿತ್ತು.

ಎಲ್ಲ ಕಡೆ ಎಲ್ಲವೂ ಚೆನ್ನಾಗಿತ್ತು ಎಂದು ನಂಬಬೇಕಿಲ್ಲ. ಕಿಟ್ ಅಲಮಾರಿಯಲ್ಲೇ ಉಳಿದ ಶಾಲೆಗಳಿದ್ದವು. ಈ ಮಕ್ಕಳು ಹೈಸ್ಕೂಲಿಗೆ ಹೋದಾಗ ಹಿಂದೆ ಬೀಳುತ್ತಾರೆ, ರಾಜ್ಯಕ್ಕೆಲ್ಲ ಒಂದು ಪುಸ್ತಕವಾದರೆ ನಮ್ಮ ಜಿಲ್ಲೆಗೆ ಮಾತ್ರ ಯಾಕೆ ಬೇರೆ ಎಂಬ ದೂರೂ ಇತ್ತು. ಈ ದೂರನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಗ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸಲೇಬೇಕೆಂದಾದರೆ, ಎಂಟರವರೆಗೆ ಅವನಿಗೆ ಪ್ರಶ್ನೆ ಕೇಳಲು ಕಲಿಸಿದ್ದು ಯಾವ ನ್ಯಾಯ ಎಂದು ಒಬ್ಬ ರೈತ ಕೇಳಿದರೆ ಏನು ಹೇಳುವುದು? ಬದಲಾಗಬೇಕಾದದ್ದು ಹತ್ತನೆಯದು ಎನ್ನಬಹುದು, ಅವನ ಮಗನಿಗೆ ಅಷ್ಟು ಕಾಯಲು ಸಮಯವಿಲ್ಲ. ಜಿಲ್ಲೆಯ ಯೋಜನಾ ಸಮಿತಿ ಕಾರ್ಯಕ್ರಮ ನಿಲ್ಲಿಸಲು ಶಿಫಾರಸು ಮಾಡಿತು. ದೇಶದ ಹಲವು ವಿಜ್ಞಾನಿಗಳು ಬೇಡವೆಂದರೂ 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಅದನ್ನು ಮುಚ್ಚಿತು. ಅಷ್ಟು ಹೊತ್ತಿಗೆ ಅದು ಹತ್ತಕ್ಕೂ ಹೆಚ್ಚು ಜಿಲ್ಲೆಗಳಲ್ಲಿ, ಸಾವಿರದ ಹತ್ತಿರ ಶಾಲೆಗಳಲ್ಲಿ ನಡೆಯುತ್ತಿತ್ತು. ಮೂವತ್ತು ವರ್ಷ. ಈಗ ಜಿಲ್ಲೆಯ ಹೆಸರೂ ಬದಲಾಗಿ ನರ್ಮದಾಪುರಂ ಆಗಿದೆ.

ವಿಚಿತ್ರವೆಂದರೆ ಮುಚ್ಚಿದ ಮೇಲೆ ಅದರ ಮಾತುಗಳು ದೇಶಕ್ಕೆಲ್ಲ ಹಬ್ಬಿದವು. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಶಾಲಾಚೀಲದ ಭಾರದ ಬಗ್ಗೆ ಮಾತಾಡಿದ್ದರು. 1993ರಲ್ಲಿ ಯಶ್ ಪಾಲ್ ಸಮಿತಿ, ಚೀಲಕ್ಕಿಂತ ದೊಡ್ಡ ಭಾರ ಅರ್ಥವಾಗದಿರುವುದು ಎಂದಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಮಿತಿಗೆ ಅದೇ ಯಶ್ ಪಾಲ್ ಅಧ್ಯಕ್ಷರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ, ಚಟುವಟಿಕೆ ಮತ್ತು ಶೋಧನೆಯ ಮೂಲಕ ಕಲಿಕೆ ಎಂದೇ ಹೇಳಿತು. ಅದೇ ಹೊತ್ತಿಗೆ ಸಿಬಿಎಸ್‌ಇ ನಿರಂತರ ಮೌಲ್ಯಮಾಪನ ತಂದಿತು: ವರ್ಷಕ್ಕೆ ನಾಲ್ಕು ಎಫ್‌ಎ, ಒಂದೊಂದಕ್ಕೆ ಶೇ. 10. ಕರ್ನಾಟಕದಲ್ಲೂ ಎಫ್‌ಎ, ಎಸ್‌ಎ ಮನೆಮಾತಾದವು, ಎಸ್ಸೆಸ್ಸೆಲ್ಸಿಗೆ 20 ಆಂತರಿಕ ಅಂಕ ಬಂತು. ಚಟುವಟಿಕೆಗೆ ಅಂಕ ಬಂದ ಕೂಡಲೇ ಚಟುವಟಿಕೆಯ ಫೈಲು ಬಂತು, ಫೈಲಿನ ಹಿಂದೆ ಸ್ಟೇಷನರಿ ಅಂಗಡಿ, ಅದರ ಹಿಂದೆ ವಾರದ ಹಾಳೆ ತಯಾರಿಸುವ ಕಂಪನಿ, ಕಂಪನಿಯ ಬಾಲಕ್ಕೆ ನಾನು. ಹೋಶಂಗಾಬಾದಿನಿಂದ ಚಟುವಟಿಕೆಯನ್ನು ತೆಗೆದುಕೊಂಡೆವು, ಪುಸ್ತಕ ತೆರೆದಿಟ್ಟ ಪರೀಕ್ಷೆಯನ್ನು ಅಲ್ಲೇ ಬಿಟ್ಟೆವು. ಫೈಲಿಗೆ ಅಂಕ ಬೀಳಬೇಕಾದರೆ ಎಲ್ಲರ ಫೈಲಿನಲ್ಲೂ ಸರಿಯುತ್ತರ ಇರಬೇಕು. ‘ಕಾಣುವಿರಿ’ ಹುಟ್ಟುವುದು ಅಲ್ಲಿ.

ಟಿಪ್ಪಣಿ ಬಂದ ಆ ಶನಿವಾರ ಎದುರುಮನೆಯ ಹುಡುಗಿಯನ್ನು ಕರೆದೆ. ವಿಜಯಪುರದ ಕಡೆಯವರು, ಇಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಏಳನೆಯದು. ಕನ್ನಡ ಓದಲು ತಡವರಿಸುತ್ತಾಳೆ, ಹಾಗಾಗಿ ಹಾಳೆಯನ್ನು ನಾನೇ ಓದಿ ಹೇಳಿದೆ, ಕೊನೆಯ ಸಾಲು ಬಿಟ್ಟು. ಸೋಪಿನ ನೀರು ಬಿದ್ದಲ್ಲಿ ಕಾಗದ ಕೆಂಪಾಯಿತು. ‘ಅಕ್ಕಾ, ಕುಂಕುಮ ಆತು!’ ಎಂದಳು. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದನ್ನು ಅಜ್ಜಿಯ ಮನೆಯಲ್ಲಿ ನೋಡಿದ್ದಳಂತೆ. ಹಾಳೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ನಿಂಬೆರಸ ಬಿಟ್ಟಾಗ ಮತ್ತೆ ಹಳದಿ. ಅಡುಗೆ ಸೋಡಾದ ನೀರಿಗೆ ಮಾತ್ರ ಏನೂ ಸರಿಯಾಗಿ ಆಗಲಿಲ್ಲ. ಅಂಚಿನಲ್ಲಿ ಒಂದಿಷ್ಟು ಕಿತ್ತಳೆ, ನಡುವೆ ಹಳದಿಯೇ. ಸೋಡಾ ಸೋಪಿನಷ್ಟು ತೀಕ್ಷ್ಣ ಕ್ಷಾರವಲ್ಲ, ಅರಿಶಿನ ಬಣ್ಣ ಬದಲಿಸುವ ಗಡಿಯಲ್ಲೇ ಅದು ನಿಲ್ಲುತ್ತದೆ. ನಾನದನ್ನು ಅವಳಿಗೆ ಹೇಳಲಿಲ್ಲ.

ಎರಡು ಸಲ ಮಾಡಿದಳು. ಮೂರನೇ ಸಲ ಸೋಡಾ ಜಾಸ್ತಿ ಹಾಕಿದಳು. ಅಷ್ಟೇ ಕಿತ್ತಳೆ. ಆಮೇಲೆ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

‘ಏನ್ ಬರೀಲಿ ಅಕ್ಕಾ?’

‘ಏನಾತು ಅದನ್ನ ಬರಿ.’

‘ಅದಲ್ಲ, ಏನ್ ಬರೀಬೇಕಾಗ್ತದ?’

ಸ್ವಲ್ಪ ಹೊತ್ತು ಕಾದು ಅವಳೇ ಬರೆದಳು: ಲೈಟ್ ಆರೆಂಜ್, ಓನ್ಲಿ ಕಾರ್ನರ್. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಆ ಕಾಗದದ ಫೋಟೋ ತೆಗೆದು, ನಿಮ್ಮ ಹಾಳೆಯಲ್ಲಿ ಸೋಡಾದ ವಿಷಯ ಸರಿಯಿಲ್ಲ, ನೋಡಿ ಎಂದು ಕಂಪನಿಗೆ ಕಳಿಸಿದೆ. ಸೋಡಾವನ್ನು ಆ ಪಟ್ಟಿಯಿಂದಲೇ ತೆಗೆದುಬಿಡಿ ಎಂದು ಉತ್ತರ ಬಂತು.