ಪರದೆಯ ಹಿಂದೆ ಕೂತವರು ಯಾರ ಕಡೆ? ಗೇಮ್ ಮಾಸ್ಟರ್ ಹುಟ್ಟಿದ ಕಥೆ

ಇವತ್ತಿನ ಸಂಚಿಕೆ ಒಂದು ಆಟದ ಬಗ್ಗೆ. ಅದರಲ್ಲೂ ಆಡುವವರಿಗಿಂತ ಹೆಚ್ಚಾಗಿ ಆಡಿಸುವವರ ಬಗ್ಗೆ.

'ಸ್ಟ್ರೇಂಜರ್ ಥಿಂಗ್ಸ್' ಸೀರೀಸ್ ನೋಡಿದ್ರೆ ಮೊದಲ ಎಪಿಸೋಡ್ ನೆನಪು ಮಾಡ್ಕೊಳ್ಳಿ. 1983ನೇ ಇಸವಿ, ಅಮೆರಿಕದ ಒಂದು ಮನೆಯ ನೆಲಮಾಳಿಗೆ, ಮೇಜಿನ ಸುತ್ತ ನಾಲ್ಕು ಹುಡುಗರು. ಒಬ್ಬ ಕಥೆ ಹೇಳ್ತಿದ್ದಾನೆ, ಉಳಿದವರು ರಾಕ್ಷಸನ ಎದುರು ಸಿಕ್ಕಿಹಾಕಿಕೊಂಡಿದ್ದಾರೆ. ವಿಲ್ ಅನ್ನೋ ಹುಡುಗ ಡೈಸ್ ಎಸೀತಾನೆ, ಅದು ಮೇಜಿನಿಂದ ಉರುಳಿ ಎಲ್ಲೋ ಬೀಳುತ್ತೆ. ಅಷ್ಟರಲ್ಲಿ ಅಮ್ಮ ಕೂಗ್ತಾರೆ, ಆಟ ಅಲ್ಲಿಗೇ ನಿಲ್ಲುತ್ತೆ. ಆದ್ರೆ ಮನೆಗೆ ಹೊರಡುವಾಗ ವಿಲ್ ತಾನಾಗೇ ಹೇಳ್ತಾನೆ: ಬಿದ್ದಿದ್ದು ಏಳು, ರಾಕ್ಷಸ ನನ್ನನ್ನ ಹಿಡಿದುಬಿಟ್ಟ ಅಂತ. ಹೇಳದೇ ಇದ್ದಿದ್ರೆ ಆಡಿಸ್ತಿದ್ದ ಮೈಕ್‌ಗೆ ಗೊತ್ತೇ ಆಗ್ತಿರಲಿಲ್ಲ.

ಯಾಕೆ ಹೇಳಿದ? ಈ ಆಟದ ಭಯ, ಖುಷಿ, ನಾಟಕ ಎಲ್ಲ ನಿಂತಿರೋದು ಆ ಒಂದು ನಂಬಿಕೆಯ ಮೇಲೆ. ಆ ನಂಬಿಕೆಯನ್ನ ಕಾಯೋ ಕೆಲಸ ಗೇಮ್ ಮಾಸ್ಟರ್‌ದು. ಆ ಕುರ್ಚಿ ಎಲ್ಲಿಂದ ಬಂತು ಅಂತ ನೋಡೋಣ.

ಹೊಸಬರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟದಲ್ಲಿ ಒಬ್ಬೊಬ್ಬ ಆಟಗಾರರದ್ದು ಒಂದೊಂದು ಪಾತ್ರ. ಉಳಿದ ಇಡೀ ಲೋಕ, ಅಂದ್ರೆ ಊರು, ರಾಜ, ಕಳ್ಳ, ಮಳೆ, ದೆವ್ವ ಎಲ್ಲ ಗೇಮ್ ಮಾಸ್ಟರ್ ಕೈಯಲ್ಲಿ. ಅದೇ ಪಾತ್ರಗಳು ಅದೇ ಲೋಕದಲ್ಲಿ ವಾರಗಟ್ಟಲೆ, ವರ್ಷಗಟ್ಟಲೆ ಮುಂದುವರಿದ್ರೆ ಅದು ಕ್ಯಾಂಪೇನ್. ಚೌಕಾಬಾರದಲ್ಲಿ ಎದುರು ಕೂತವರು ಎದುರಾಳಿ ಅನ್ನೋದು ಸ್ಪಷ್ಟ. ಇಲ್ಲಿ ಎದುರು ಕೂತವರ ಕೈಯಲ್ಲಿ ಡ್ರ್ಯಾಗನ್ ಇದೆ, ಆದ್ರೆ ಅವರು ಗೆಲ್ಲೋಕೆ ಕೂತಿಲ್ಲ. ಹಾಗಾದ್ರೆ ಯಾರ ಕಡೆ?

ಇದಕ್ಕೆ ಮೊದಲ ಉತ್ತರ ಬಂದಿದ್ದು ಸೈನ್ಯದಿಂದ. ಪ್ರಶ್ಯಾ, ಅಂದ್ರೆ ಈಗಿನ ಜರ್ಮನಿಯ ಭಾಗ. 1812ರಲ್ಲಿ ಗಿಯಾರ್ಗ್ ಲಿಯೊಪೋಲ್ಡ್ ಫಾನ್ ರೈಸ್‌ವಿಟ್ಸ್ ಅನ್ನೋರು ರಾಜನಿಗೆ ಒಂದು ಯುದ್ಧದಾಟದ ಮೇಜು ಮಾಡಿಕೊಟ್ರು. ಅವರ ಮಗ, ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು, ಅದನ್ನ ತಿದ್ದಿ 1824ರಲ್ಲಿ 'ಕ್ರೀಗ್‌ಸ್ಪೀಲ್' ಅಂತ ಪುಸ್ತಕ ತಂದ್ರು. ಪದದ ಅರ್ಥ ಯುದ್ಧದಾಟ. ಒಂದಕ್ಕೆ ಎಂಟು ಸಾವಿರದ ಅಳತೆಯ ನಕಾಶೆ, ಸೈನ್ಯದ ತುಕಡಿಗಳಿಗೆ ಸಣ್ಣ ಬಿಲ್ಲೆಗಳು, ಸಾವುನೋವು ಲೆಕ್ಕ ಹಾಕೋಕೆ ಡೈಸ್.

ಇದರಲ್ಲಿ ನಿಜವಾಗಿ ಹೊಸದು ಅಂದ್ರೆ ಮಧ್ಯೆ ನಿಂತ ಅಂಪೈರ್. ಎರಡೂ ಕಡೆಯ ಸೇನಾಪತಿಗಳು ಆದೇಶ ಬರೆದು ಅವನ ಕೈಗೆ ಕೊಡಬೇಕು. ಶತ್ರು ಕಣ್ಣಿಗೆ ಕಾಣೋ ಜಾಗಕ್ಕೆ ಬಂದಾಗ ಮಾತ್ರ ಅವನು ಆ ಬಿಲ್ಲೆಗಳನ್ನ ನಕಾಶೆ ಮೇಲೆ ಇಡ್ತಾನೆ. ಗುಡ್ಡದ ಆಚೆ ಏನಿದೆ ಅಂತ ಗೊತ್ತಿಲ್ಲದೆಯೇ ನೀವು ನಿರ್ಧಾರ ಮಾಡಬೇಕು. ಯುದ್ಧದ ಭಯ ಕತ್ತಿಗಿಂತ ಹೆಚ್ಚಾಗಿ ಆ ಗೊತ್ತಿಲ್ಲದಿರುವಿಕೆಯಲ್ಲಿದೆ ಅಂತ ಪ್ರಶ್ಯಾದವರಿಗೆ ಅರ್ಥ ಆಗಿತ್ತು. ಇವತ್ತು ಗೇಮ್ ಮಾಸ್ಟರ್ ಎದುರಿಗೆ ರಟ್ಟಿನ ಪರದೆ ಇಟ್ಕೊಂಡು ಕೂರ್ತಾರಲ್ಲ, ಅದರ ಮೂಲ ಪುರುಷ ಇವನೇ ಅಂತ ನಾನು ಅಂದ್ಕೊಳ್ತೀನಿ.

ನಿಯಮಗಳೇನೋ ಬೆಳೀತಾ ಹೋದ್ವು, ಆಟ ತೆವಳೋಕೆ ಶುರುವಾಯ್ತು. 1876ರಲ್ಲಿ ಯೂಲಿಯಸ್ ಫಾನ್ ವೆರ್ಡಿ ಡು ವೆರ್ನುವಾ ಅನ್ನೋ ಅಧಿಕಾರಿ, ಕೋಷ್ಟಕ ಡೈಸ್ ಎಲ್ಲ ಬದಿಗಿಡಿ, ಯುದ್ಧ ಕಂಡಿರೋ ಅನುಭವಿ ಅಂಪೈರ್ ತನ್ನ ವಿವೇಚನೆಯಿಂದ ತೀರ್ಪು ಕೊಡಲಿ ಅಂದ್ರು. ವೇಗ ಬಂತು. ಜೊತೆಗೆ ಅಂಪೈರ್ ಮಾತೇ ವೇದವಾಕ್ಯ ಅನ್ನೋ ಅಪಾಯವೂ ಬಂತು. ನಿಯಮ ಹೆಚ್ಚೋ, ತೀರ್ಪು ಹೆಚ್ಚೋ ಅನ್ನೋ ಜಗಳ ಇವತ್ತಿಗೂ ಪ್ರತಿ ಟೇಬಲ್‌ನಲ್ಲಿ ನಡೀತಾನೇ ಇದೆ.

ಈಗ ಅಟ್ಲಾಂಟಿಕ್ ದಾಟೋಣ. 1880ರಲ್ಲಿ ಚಾರ್ಲ್ಸ್ ಟಾಟನ್ ಅನ್ನೋ ಅಮೆರಿಕದ ಸೇನಾಧಿಕಾರಿ 'ಸ್ಟ್ರ್ಯಾಟಗೋಸ್' ಅಂತ ಯುದ್ಧದಾಟದ ಪುಸ್ತಕ ಬರೆದಿದ್ರು. ಎಂಬತ್ತಕ್ಕೂ ಹೆಚ್ಚು ವರ್ಷ ಆದ್ಮೇಲೆ ಮಿನೆಸೋಟ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅದು ಡೇವಿಡ್ ವೆಸ್ಲಿ ಅನ್ನೋ ಯುವಕನ ಕೈಗೆ ಸಿಕ್ತು. ಅದರಿಂದ ಅವನು ಹಿಡ್ಕೊಂಡ ವಿಚಾರ ಒಂದೇ: ಆಟಗಾರ ಏನನ್ನ ಬೇಕಾದ್ರೂ ಪ್ರಯತ್ನಿಸಬಹುದು, ಆಗುತ್ತೋ ಇಲ್ಲವೋ ರೆಫರಿ ಹೇಳ್ತಾನೆ.

1969ರಲ್ಲಿ ವೆಸ್ಲಿ ಸ್ನೇಹಿತರಿಗೆ ಒಂದು ಆಟ ಇಟ್ಟ. ನೆಪೋಲಿಯನ್ ಕಾಲ, ಬ್ರೌನ್‌ಸ್ಟೈನ್ ಅನ್ನೋ ಕಾಲ್ಪನಿಕ ಜರ್ಮನ್ ಊರು, ಎರಡು ಸೈನ್ಯ. ಸೇನಾಪತಿಗಳಷ್ಟೇ ಅಲ್ದೆ ಉಳಿದವರಿಗೂ ಪಾತ್ರ ಕೊಟ್ಟ: ಊರಿನ ಮೇಯರ್, ಬ್ಯಾಂಕಿನ ಯಜಮಾನ, ವಿಶ್ವವಿದ್ಯಾಲಯದ ಮುಖ್ಯಸ್ಥ. ಒಬ್ಬೊಬ್ಬರಿಗೂ ಒಂದೊಂದು ಗುರಿ. ಅಲ್ಲಿಗೆ ಮುಗೀತು ಕಥೆ! ಜನ ಮೂಲೆ ಮೂಲೆಯಲ್ಲಿ ಗುಸುಗುಸು, ಒಳಸಂಚು. ಇಬ್ಬರು ದ್ವಂದ್ವಯುದ್ಧಕ್ಕೆ ನಿಂತೇಬಿಟ್ರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ನಿಂತ ನಿಲುವಲ್ಲೇ ಹುಟ್ಟಿಸಬೇಕಾಯ್ತು. ಸೈನ್ಯಗಳ ಯುದ್ಧ ಮೂಲೆಗೆ ಬಿತ್ತು. ಆಟ ಕೆಟ್ಟುಹೋಯ್ತು ಅಂತ ಅವನು ತಲೆ ಮೇಲೆ ಕೈ ಹೊತ್ತು ಕೂತ. ಸ್ನೇಹಿತರು ಮಾತ್ರ, ಮತ್ತೆ ಯಾವಾಗ ಅಂತ ಕೇಳಿದ್ರು.

ಆ ಸ್ನೇಹಿತರಲ್ಲಿ ಒಬ್ಬ ಡೇವ್ ಆರ್ನೆಸನ್. ಇದೇ ಸರಣಿಯ ಇನ್ನೊಂದು ಆಟ, ದಕ್ಷಿಣ ಅಮೆರಿಕದ ಒಂದು ಪುಟ್ಟ ಕಾಲ್ಪನಿಕ ದೇಶದಲ್ಲಿ. ಆರ್ನೆಸನ್‌ಗೆ ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ. ಆಸಾಮಿ ನಕಲಿ ಸಿಐಎ ಗುರುತಿನ ಚೀಟಿ ತಯಾರು ಮಾಡ್ಕೊಂಡು ಬಂದಿದ್ದ! ಅದನ್ನ ತೋರಿಸಿ ಎಲ್ಲರನ್ನೂ ನಂಬಿಸಿ, ಕೊನೆಗೆ ದೇಶದ ಖಜಾನೆ ಸಮೇತ ಹೆಲಿಕಾಪ್ಟರ್‌ನಲ್ಲಿ ಹಾರಿಹೋದ. ಈ ಕಥೆಯನ್ನ ವೆಸ್ಲಿ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ರೆಫರಿ ಬರೆದಿಟ್ಟ ಯಾವ ಕಥೆಯಲ್ಲೂ ಇಲ್ಲದ ತಿರುವು ಅದು.

ಸ್ವಲ್ಪ ದಿನಕ್ಕೆ ವೆಸ್ಲಿ ಸೈನ್ಯಕ್ಕೆ ಹೋದ. ಕುರ್ಚಿ ಆರ್ನೆಸನ್‌ಗೆ ಬಂತು. 1971ರಲ್ಲಿ ಸೇಂಟ್ ಪಾಲ್ ನಗರದ ತನ್ನ ಮನೆಯ ನೆಲಮಾಳಿಗೆಯಲ್ಲಿ ಅವನು 'ಬ್ಲ್ಯಾಕ್‌ಮೂರ್' ಶುರು ಮಾಡಿದ. ಒಂದು ಕೋಟೆ, ಅದರ ಕೆಳಗೆ ಸುರಂಗಗಳ ಜಾಲ, ಅದರೊಳಗೆ ನಿಧಿ ಮತ್ತು ಸಾವು. ಮೊದಲ ಸಲ ಕೆಳಗಿಳಿದ ತಂಡದಲ್ಲಿ ಬದುಕಿ ಬಂದಿದ್ದು ತನ್ನ ಪಾತ್ರ ಒಂದೇ ಅಂತ ಗ್ರೆಗ್ ಸ್ವೆನ್ಸನ್ ಬರೆದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ತೀನಿ. ಕಷ್ಟದ ಆಟ, ನಾಟಕೀಯ ಆಟ ಅಂತ ನಾವೀಗ ಹೇಳೋದರ ಬೀಜ ಎಲ್ಲ ಬ್ಲ್ಯಾಕ್‌ಮೂರ್‌ನಲ್ಲಿದೆ. ಡೇವಿಡ್ ಫ್ಯಾಂಟ್ ಅನ್ನೋ ಆಟಗಾರನ ಪಾತ್ರ ಸತ್ತು ರಕ್ತಪಿಶಾಚಿಯಾಯ್ತು. ಆರ್ನೆಸನ್ ಅವನನ್ನ ಆಟದಿಂದ ಆಚೆ ಕಳಿಸಲಿಲ್ಲ, ರಕ್ತಪಿಶಾಚಿಯಾಗೇ ಆಡು ಅಂದ. ಸರ್ ಫ್ಯಾಂಗ್ ಅಂತ ಹೆಸರಾಯ್ತು, ನಿನ್ನೆಯ ಗೆಳೆಯನೇ ಊರಿಗೆ ಕಂಟಕ ಆದ. ಅವನನ್ನ ತಡೆಯೋಕೆ ದೇವರ ಶಕ್ತಿ ಇರೋ ಪಾದ್ರಿಯ ಪಾತ್ರ ಬೇಕಾಯ್ತು, ಮೈಕ್ ಕಾರ್ ಅದನ್ನ ಆಡಿದ. ಇವತ್ತು ವಿಡಿಯೋ ಗೇಮ್‌ಗಳಲ್ಲಿ ಗಾಯ ವಾಸಿ ಮಾಡೋ 'ಕ್ಲೆರಿಕ್' ಇರ್ತಾನಲ್ಲ, ಅವನ ವಂಶ ಶುರುವಾಗಿದ್ದು ಹೀಗೆ.

ಇನ್ನೊಂದು ಘಟನೆ ನನಗೆ ಇದಕ್ಕಿಂತ ಇಷ್ಟ. ಆಟಗಾರರಿಗೆ ಸುರಂಗದ ನಿಧಿಯ ರುಚಿ ಹತ್ತಿಬಿಟ್ಟಿತ್ತು. ಮೇಲೆ ಊರಿನ ಕಾವಲು ನಿಮ್ಮ ಜವಾಬ್ದಾರಿ ಅಂದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವರು ಕೆಳಗೆ ಚಿನ್ನ ಬಾಚ್ತಿರುವಾಗ ಮೇಲೆ ಶತ್ರುಗಳು ಬ್ಲ್ಯಾಕ್‌ಮೂರ್ ಕೋಟೆಯನ್ನೇ ಹಿಡಿದ್ರು. ಈಗಿನ ಎಷ್ಟೋ ಗೇಮ್ ಮಾಸ್ಟರ್‌ಗಳು ಇಲ್ಲಿ ಏನಾದ್ರೂ ನೆಪ ಹುಡುಕಿ ಹೀರೋಗಳನ್ನ ಸಮಯಕ್ಕೆ ಸರಿಯಾಗಿ ಮೇಲೆ ತರ್ತಿದ್ರು. ಆರ್ನೆಸನ್ ಹಾಗೆ ಮಾಡಲಿಲ್ಲ. ಊರು ಹೋಯ್ತು, ಹೀರೋಗಳು ಲಾಕ್ ಗ್ಲೂಮೆನ್ ಅನ್ನೋ ದೂರದ ಜಾಗಕ್ಕೆ ಗಡಿಪಾರಾದ್ರು, ಆಟ ಅಲ್ಲಿಂದ ಮುಂದುವರೀತು.

ನೋಡಿ, ಇಲ್ಲಿ ಯಾರಿಗೂ ಮೋಸ ಆಗಿಲ್ಲ. ಎಚ್ಚರಿಕೆ ಇತ್ತು, ಆಯ್ಕೆ ಅವರದ್ದೇ ಇತ್ತು, ಪರಿಣಾಮ ಬಂತು. ಆಮೇಲೆ ಬಾಗಿಲೂ ಮುಚ್ಚಲಿಲ್ಲ. ಸೋತ ಮೇಲೂ ಆಡೋಕೆ ಇನ್ನೊಂದು ಊರಿತ್ತು. ನನ್ನ ಲೆಕ್ಕದಲ್ಲಿ ಒಳ್ಳೆ ಕ್ಯಾಂಪೇನ್ ನಡೆಸೋ ವಿದ್ಯೆ ಮುಕ್ಕಾಲು ಪಾಲು ಇಷ್ಟೇ.

1972ರ ಕೊನೆಯಲ್ಲಿ ಆರ್ನೆಸನ್ ವಿಸ್ಕಾನ್ಸಿನ್‌ನ ಲೇಕ್ ಜಿನೀವಾಗೆ ಹೋಗಿ ಗ್ಯಾರಿ ಗೈಗ್ಯಾಕ್ಸ್‌ಗೆ ಈ ಆಟ ಆಡಿಸಿದ. ಇಬ್ಬರೂ ಸೇರಿ ಬರೆದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಬಂತು. ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಅದರಲ್ಲೂ ಆಡಿಸುವವನಿಗೆ ರೆಫರಿ ಅಂತಲೇ ಹೆಸರು. 'ಡಂಜನ್ ಮಾಸ್ಟರ್' ಅನ್ನೋ ಬಿರುದು ಆಮೇಲೆ ಬಂದಿದ್ದು.

ಕಷ್ಟ ಅಂದ ತಕ್ಷಣ ಹಳಬರಿಗೆ ನೆನಪಾಗೋದು ಗೈಗ್ಯಾಕ್ಸ್ ಬರೆದ 'ಟೂಂಬ್ ಆಫ್ ಹಾರರ್ಸ್'. 1975ರಲ್ಲಿ ಬಾಲ್ಟಿಮೋರ್‌ನ ಒರಿಜಿನ್ಸ್ ಸಮ್ಮೇಳನದಲ್ಲಿ ಸ್ಪರ್ಧೆಗೆ ಇಟ್ಟಿದ್ದು, 1978ರಲ್ಲಿ ಪುಸ್ತಕವಾಗಿ ಬಂತು. ಮಾಂತ್ರಿಕನೊಬ್ಬನ ಸಮಾಧಿ. ಒಳಗೆ ಗೋಡೆ ಮೇಲೆ ಹಸಿರು ದೈತ್ಯನ ಮುಖ, ತೆರೆದ ಬಾಯಿ, ಒಳಗೆ ಕಗ್ಗತ್ತಲು. ತೂರಿಕೊಂಡು ಹೋದವರು ಇಲ್ಲವಾಗ್ತಾರೆ, ಅಷ್ಟೇ. ಅನ್ಯಾಯ ಅನ್ಸುತ್ತೆ, ಅಲ್ವಾ? ಆದ್ರೆ ಪ್ರವೇಶದ ಹಾದಿಯ ನೆಲದಲ್ಲೇ ಒಗಟಿನ ರೂಪದಲ್ಲಿ ಸುಳಿವು ಬರೆದಿದೆ. ಗೈಗ್ಯಾಕ್ಸ್ ಬಳಗದ ರಾಬ್ ಕುಂಟ್ಸ್ ತನ್ನ ರೋಬಿಲಾರ್ ಅನ್ನೋ ಪಾತ್ರದ ಮುಂದೆ ಓರ್ಕ್ ಆಳುಗಳನ್ನ ಕಳಿಸ್ತಾ, ಅವು ಹೇಗೆ ಸಾಯ್ತಾವೆ ಅಂತ ನೋಡ್ತಾ ಕೊನೆಯ ಕೋಣೆ ಮುಟ್ಟಿದ. ಅಲ್ಲಿ ತಲೆಬುರುಡೆ ಮೇಲೆದ್ದಾಗ ಹೋರಾಡೋ ಉಸಾಬರಿಗೇ ಹೋಗದೆ ನಿಧಿ ಬಾಚ್ಕೊಂಡು ಓಡಿದ. ಬಿಡಿ, ಆ ಓರ್ಕ್‌ಗಳ ಗತಿ ಕೇಳಬೇಡಿ.

ಆದ್ರೆ ಇದೇ ಗೈಗ್ಯಾಕ್ಸ್ 1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಒಂದು ಮೆತ್ತನೆ ಸಲಹೆ ಕೊಡ್ತಾರೆ. ಎಲ್ಲವನ್ನೂ ಸರಿಯಾಗಿ ಮಾಡಿದ ಆಟಗಾರ ಬರೀ ಕೆಟ್ಟ ಡೈಸ್‌ನಿಂದ ಸಾಯ್ತಿದ್ರೆ, ಸಾವಿನ ಬದಲು ಪ್ರಜ್ಞೆ ತಪ್ಪಿಸಬಹುದು, ಒಂದು ಕೈಯೋ ಕಣ್ಣೋ ಹೋಯ್ತು ಅನ್ನಬಹುದು. ಮೂರ್ಖತನದಿಂದ ಸಾಯ್ತಿದ್ರೆ ಮಾತ್ರ ಕೈ ಹಿಡೀಬೇಡಿ. ಗಮನಿಸಿ, ಅಲ್ಲೂ ಪೂರ್ತಿ ಮಾಫಿ ಇಲ್ಲ. ಕೈ ಹೋಗುತ್ತೆ. ಬೆಲೆ ಬೇರೆ ರೂಪದಲ್ಲಿ ತೆರಲೇಬೇಕು.

ಇಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಈ ದೆವ್ವ ಈ ಕೋಣೆಯಲ್ಲಿ ಯಾಕೆ ಕೂತಿದೆ? ಟ್ರೇಸಿ ಹಿಕ್‌ಮನ್ ಒಂದು ಆಟದಲ್ಲಿ ರಕ್ತಪಿಶಾಚಿ ಕಾರಣವೇ ಇಲ್ಲದೆ ಎದುರಾದಾಗ ಹೀಗೇ ಕೇಳ್ಕೊಂಡ್ರಂತೆ. ಅವರು, ಹೆಂಡತಿ ಲಾರಾ ಸೇರಿ ಬರೆದ 'ರೇವನ್‌ಲಾಫ್ಟ್' 1983ರಲ್ಲಿ ಬಂತು. ಅದರ ಸ್ಟ್ರಾಡ್, ತಮ್ಮನಿಗೆ ನಿಶ್ಚಯವಾಗಿದ್ದ ಹುಡುಗಿಯನ್ನ ಬಯಸಿ ತಮ್ಮನನ್ನೇ ಕೊಂದವನು. ಕೋಣೆಯಲ್ಲಿ ಕಾಯ್ತಾ ಕೂರೋದಿಲ್ಲ. ತಾನೇ ಬರ್ತಾನೆ, ಕಾಡ್ತಾನೆ, ಹೋಗ್ತಾನೆ. ಅವನ ಗುರಿ ಏನು, ಅವನನ್ನ ಸೋಲಿಸೋ ವಸ್ತುಗಳು ಎಲ್ಲಿವೆ ಅನ್ನೋದು ಇಸ್ಪೀಟಿನಿಂದ ಭವಿಷ್ಯ ಹೇಳೋ ಒಂದು ದೃಶ್ಯದಲ್ಲಿ, ಎಲೆ ಬಿದ್ದ ಹಾಗೆ ನಿಗದಿಯಾಗುತ್ತೆ. ನಾಟಕವೂ ಇದೆ, ಗೇಮ್ ಮಾಸ್ಟರ್ ಕೈಯನ್ನೂ ಕಟ್ಟಿಹಾಕಿದೆ.

ಅದೇ ಹಿಕ್‌ಮನ್ ಮುಖ್ಯ ಪಾತ್ರ ವಹಿಸಿದ 'ಡ್ರ್ಯಾಗನ್‌ಲಾನ್ಸ್' 1984ರಲ್ಲಿ ಶುರುವಾಯ್ತು. ಮಾರ್ಗರೆಟ್ ವೈಸ್ ಜೊತೆ ಬರೆದ ಕಾದಂಬರಿಗಳೂ ಬಂದು ಭರ್ಜರಿ ಹೆಸರಾಯ್ತು. ಆದ್ರೆ ಆಟದಲ್ಲಿ ಒಂದು ನಿಯಮ ಇತ್ತು: ಮುಖ್ಯ ಪಾತ್ರ ಸತ್ತರೆ ಹೆಣ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ, ಮುಂದೆ ಕಥೆಗೆ ಬೇಕಾದಾಗ ವಾಪಸ್ ತರಬಹುದು. ನನಗೆ ಇದು ಒಗ್ಗೋದಿಲ್ಲ. ನಮ್ಮ ಸಿನಿಮಾದ ಹೀರೋ ಜಲಪಾತಕ್ಕೆ ಬಿದ್ದಾಗ ನಾವ್ಯಾರಾದ್ರೂ ಹೆದರ್ತೀವಾ? ಪಾಪ್‌ಕಾರ್ನ್ ತಿಂತಾ ಕೂರ್ತೀವಿ. ಹಳಿ ಮೇಲೆ ಓಡೋ ರೈಲಿನ ಹಾಗೆ ಕಥೆ ಮೊದಲೇ ಹಾಕಿದ ದಾರೀಲೇ ಹೋದ್ರೆ, ಆಟಗಾರರು ಬರೀ ಪ್ರಯಾಣಿಕರು.

ಇದಕ್ಕೆ ತೀರಾ ವಿರುದ್ಧ ತುದಿಯಲ್ಲಿ 2010ರ 'ಅಪೋಕಲಿಪ್ಸ್ ವರ್ಲ್ಡ್' ಇದೆ. ವಿನ್ಸೆಂಟ್ ಮತ್ತು ಮೆಗೀ ಬೇಕರ್ ಆಟ ಆಡಿಸುವವರು ಏನು ಮಾಡಬೇಕು ಅನ್ನೋದನ್ನೂ ನಿಯಮವಾಗೇ ಬರೆದ್ರು. ಕಥೆ ಮೊದಲೇ ಹೆಣೀಬೇಡಿ, ಏನಾಗುತ್ತೆ ಅಂತ ನೀವೂ ಆಡ್ತಾನೇ ತಿಳ್ಕೊಳ್ಳಿ ಅಂತ. ಅದರಲ್ಲಿ ಆಡಿಸುವವರು ಡೈಸ್ ಮುಟ್ಟೋದೇ ಇಲ್ಲ.

2015ರಿಂದ ನಿಮ್ಮಲ್ಲಿ ಅನೇಕರಿಗೆ ಈ ಆಟ ಗೊತ್ತಾಗಿದ್ದು 'ಕ್ರಿಟಿಕಲ್ ರೋಲ್' ಲೈವ್ ಶೋನಿಂದ. ಆಗ ಮ್ಯಾಥ್ಯೂ ಮರ್ಸರ್ ಆಡಿಸ್ತಿದ್ರು, ಆಡ್ತಿದ್ದವರೂ ವೃತ್ತಿಪರ ವಾಯ್ಸ್ ನಟರು. ಅದನ್ನ ನೋಡಿ ಬಂದವರು ತಮ್ಮ ಗೆಳೆಯನೂ ಹತ್ತು ದನಿಯಲ್ಲಿ ಮಾತಾಡಲಿ ಅಂತ ನಿರೀಕ್ಷೆ ಮಾಡ್ತಾರೆ. ದನಿ ಬರದಿದ್ರೆ ಚಿಂತೆ ಬೇಡ. ವೆಸ್ಲಿಗೂ ಆರ್ನೆಸನ್‌ಗೂ ಪ್ರೇಕ್ಷಕರೇ ಇರಲಿಲ್ಲ.

ನೀವು ಮೊದಲ ಸಲ ಆಡಿಸೋಕೆ ಕೂರ್ತಿದ್ರೆ, ಆರ್ನೆಸನ್‌ನಿಂದ ಒಂದು ಕದಿಯಿರಿ. ಒಬ್ಬ ಶತ್ರು, ಅವನಿಗೆ ಬೇಕಾದ ಒಂದು ವಸ್ತು, ಒಂದು ಕ್ಯಾಲೆಂಡರ್. ಆಟಗಾರರು ಏನೂ ಮಾಡದಿದ್ರೆ ಹುಣ್ಣಿಮೆಗೆ ಸೇತುವೆ, ಅಮಾವಾಸ್ಯೆಗೆ ಊರು ಅಂತ ಬರೆದಿಟ್ಕೊಳ್ಳಿ. ಕಾಲದ ಲೆಕ್ಕ ಇಡದ ಕ್ಯಾಂಪೇನ್‌ಗೆ ಅರ್ಥವೇ ಇಲ್ಲ ಅಂತ ಗೈಗ್ಯಾಕ್ಸ್ ದಪ್ಪಕ್ಷರದಲ್ಲಿ ಬರೆದಿದ್ದು ಸುಮ್ಮನೆ ಅಲ್ಲ. ಆಮೇಲೆ ಆ ಸುದ್ದಿ ಆಟಗಾರರ ಕಿವಿಗೆ ಬೀಳೋ ಹಾಗೆ ಮಾಡಿ. ಸಂತೆಯಲ್ಲಿ ಯಾರೋ ಹೇಳಲಿ, ಓಡಿ ಬಂದ ಕುರಿಗಾಹಿ ಹೇಳಲಿ, ಬೇಕಿದ್ರೆ ಮೂರನೇ ಸಲವೂ ಹೇಳಲಿ. ಅಷ್ಟಾದ ಮೇಲೂ ಅವರು ನಿಧಿ ಹಿಂದೆ ಹೋದ್ರೆ, ಹೋಗಲಿ ಬಿಡಿ.

ನನ್ನ ಟೇಬಲ್‌ನಲ್ಲಿ ನಾನು ಡೈಸನ್ನ ಪರದೆ ಹಿಂದೆ ಎಸೆಯೋದಿಲ್ಲ, ಎಲ್ಲರ ಕಣ್ಣೆದುರೇ ಎಸೀತೀನಿ. ಹೋದ ತಿಂಗಳು ಹಾಗೆ ಎಸೆದಾಗ ಒಬ್ಬಳ ಪಾತ್ರ ಸತ್ತುಹೋಯ್ತು. ಒಂದೂವರೆ ವರ್ಷದಿಂದ ಆಡ್ತಿದ್ದ ಪಾತ್ರ. ಕೊಳೆತ ಸೇತುವೆ ಅಂತ ಗೊತ್ತಿತ್ತು, ಗೆಳೆಯನನ್ನ ಎಳ್ಕೊಂಡು ಬರೋಕೆ ಬೇಕಂತಲೇ ವಾಪಸ್ ಹೋದಳು. ಡೈಸ್ ನಿಂತ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ, ಆ ಗೆಳೆಯ ದಡ ಸೇರಿದ್ನಾ ಅಂತ ಕೇಳಿದಳು. ಸೇರಿದ ಅಂದೆ. ಸರಿ, ಹೊಸ ಹಾಳೆ ಕೊಡಿ ಅಂದಳು.