ಆರು ವಾರಗಳ ಹಾಸಿಗೆ

ಹೃದಯಾಘಾತದಿಂದ ಬದುಕುಳಿದವರನ್ನು ಎಷ್ಟು ಕಾಲ ಮಲಗಿಸಿಡಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ವೈದ್ಯಶಾಸ್ತ್ರಕ್ಕೆ ಇಪ್ಪತ್ತನೆಯ ಶತಮಾನದ ಬಹುಭಾಗವೇ ಬೇಕಾಯಿತು. ಈ ಚರಿತ್ರೆಯಲ್ಲಿ ಖಳರು ಯಾರೂ ಇಲ್ಲ. ಕಾಳಜಿಯೇ ಕೇಡಾದ ಬಗೆಯನ್ನು ನಾವಿಲ್ಲಿ ಕಾಣುತ್ತೇವೆ.

ಉತ್ತರದ ಸುಳಿವು ಬಹಳ ಹಿಂದೆಯೇ ದೊರೆತಿತ್ತು. ನಡೆಯುವಾಗ ಎದೆ ಹಿಂಡುವ ನೋವನ್ನು ವಿವರವಾಗಿ ದಾಖಲಿಸಿದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್, 1802ರಲ್ಲಿ ಮರಣಾನಂತರ ಪ್ರಕಟವಾದ ತನ್ನ ಗ್ರಂಥದಲ್ಲಿ ಒಬ್ಬ ರೋಗಿಯನ್ನು ನೆನೆಯುತ್ತಾನೆ. ದಿನವೂ ಅರ್ಧ ಗಂಟೆ ಗರಗಸದಿಂದ ಮರ ಕೊಯ್ಯುವ ನೇಮ ಹಿಡಿದ ಆತ ಬಹುಮಟ್ಟಿಗೆ ಗುಣಮುಖನಾದನಂತೆ. ಆ ಗರಗಸದ ಸದ್ದು ಮುಂದಿನವರ ಕಿವಿಗೆ ಬೀಳಲಿಲ್ಲ.

1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ರೋಗಿ ಬದುಕುಳಿಯಬಹುದೆಂದು ತೋರಿಸಿಕೊಟ್ಟರು. ಉಳಿದವರನ್ನು ಕಾಪಾಡುವುದು ಹೇಗೆಂಬ ಚಿಂತೆ ಅಲ್ಲಿಂದ ಬಲವಾಯಿತು. 1939ರಲ್ಲಿ ಪಾಲ್ ಡಡ್ಲಿ ವೈಟ್ ಮತ್ತು ಸಂಗಡಿಗರು ಮೃತರಾದ 72 ರೋಗಿಗಳ ಹೃದಯಗಳನ್ನು ಪರೀಕ್ಷಿಸಿ, ಗಾಯ ಮಾಗಿ ಗಟ್ಟಿ ಕಲೆಯಾಗಲು ವಾರಗಟ್ಟಲೆ ಕಾಲ ಹಿಡಿಯುವುದನ್ನು ಕಂಡರು. ಕಂಡದ್ದು ನಿಜವೇ. ಆದರೆ ಗಾಯ ಮಾಗುವವರೆಗೆ ಮೈ ಅಲುಗಬಾರದೆಂಬ ನಂಬಿಕೆ ಅದರಿಂದ ಇನ್ನಷ್ಟು ಬಿಗಿಯಾಯಿತು. ಆರು ವಾರಗಳ ಹಾಸಿಗೆ ನಿಯಮವಾಯಿತು. ತುತ್ತನ್ನೂ ದಾದಿಯರೇ ಉಣಿಸುತ್ತಿದ್ದರು. ಅಲುಗದ ಕಾಲುಗಳಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸಾಗಿ ಕೆಲವರ ಪ್ರಾಣವನ್ನೇ ತೆಗೆಯಿತು. ಉಳಿದವರ ಸ್ನಾಯುಗಳು ಕರಗಿದವು, ಮನೋಬಲ ಕುಗ್ಗಿತು.

1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 81 ರೋಗಿಗಳನ್ನು ಬೇಗನೆ ಹಾಸಿಗೆಯಿಂದೆಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದ ಅನುಭವವನ್ನು ಪ್ರಕಟಿಸಿದರು. ಮಲಗಿಸಿದಾಗಿಗಿಂತ ಕೂರಿಸಿದಾಗ ಹೃದಯದ ಹೊರೆ ತಗ್ಗುತ್ತದೆಂಬುದು ಅವರ ವಾದ. ಅನಾಹುತವನ್ನು ನಿರೀಕ್ಷಿಸಿದ್ದವರಿಗೆ ಅದು ಕಾಣಸಿಗಲಿಲ್ಲ. ಬರಿಯ ಕುರ್ಚಿಯೊಂದು ಅಂದು ಕ್ರಾಂತಿಯಾಗಿತ್ತು!

1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಅವರ ಆರೈಕೆಗೆ ಬಂದವರು ಅದೇ ಪಾಲ್ ವೈಟ್. ನಡಿಗೆ, ಸೈಕಲ್ ಸವಾರಿಗಳ ಪ್ರಚಾರಕರಾಗಿದ್ದ ಅವರು, ಹೃದಯಾಘಾತವಾದವರು ದುಡಿಮೆಗೆ ಮರಳಬಹುದೆಂದು ಜನತೆಗೆ ತಿಳಿಹೇಳಿದರು. ಐಸೆನ್‌ಹೋವರ್ ಗಾಲ್ಫ್ ಮೈದಾನಕ್ಕೆ ಮರಳಿದರು, 1956ರಲ್ಲಿ ಮತ್ತೆ ಚುನಾಯಿತರಾದರು, 1969ರವರೆಗೆ ಬದುಕಿದರು.

ಹಾಸಿಗೆಯ ಹಾನಿಗೆ ಅಳತೆ ದೊರೆತದ್ದು 1966ರ ಡಲ್ಲಾಸ್ ಪ್ರಯೋಗದಿಂದ. ಮೂರು ವಾರ ಮಲಗಿದ ಐವರು ಯುವಕರಲ್ಲಿ ದೇಹದ ಆಮ್ಲಜನಕ ಬಳಕೆಯ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. ಹಾಸಿಗೆ ಆರೋಗ್ಯವಂತರನ್ನೇ ಹೀಗೆ ಬಳಲಿಸುವುದಾದರೆ ರೋಗಿಗಳ ಪಾಡೇನು? 1989ರಲ್ಲಿ 22 ಪ್ರಯೋಗಗಳ 4,554 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದಾಗ, ವ್ಯಾಯಾಮವನ್ನೊಳಗೊಂಡ ಪುನಶ್ಚೇತನ ಪಡೆದವರಲ್ಲಿ ಸಾವಿನ ಪ್ರಮಾಣ ಸುಮಾರು ಶೇ. 20ರಷ್ಟು ಕಡಿಮೆಯೆಂದು ತಿಳಿದುಬಂತು. ಮಾರಕವಲ್ಲದ ಮರು ಆಘಾತಗಳು ಮಾತ್ರ ತಗ್ಗಿರಲಿಲ್ಲ. ವ್ಯಾಯಾಮ ಸರ್ವರೋಗ ನಿವಾರಕವಲ್ಲ.

ಭಾರತದ 24 ಆಸ್ಪತ್ರೆಗಳಲ್ಲಿ 3,959 ರೋಗಿಗಳ ಮೇಲೆ ನಡೆದ ಯೋಗ-ಕೇರ್ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂತು. ಯೋಗದಿಂದ ಸಾವು ಅಥವಾ ಮರು ಆಘಾತ ತಗ್ಗಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಆದರೆ ಯೋಗ ಕಲಿತವರು ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು.

ಆಸ್ಪತ್ರೆಗಳು ಆರು ವಾರಗಳ ಹಾಸಿಗೆಯನ್ನು ಎಂದೋ ಮಡಚಿಟ್ಟಿವೆ. ನಮ್ಮ ಮನೆಗಳಲ್ಲಿ ಅದಿನ್ನೂ ಹಾಸಿಯೇ ಇದೆ. “ಏಳಬೇಡಿ, ನೀರು ನಾನೇ ತಂದುಕೊಡುತ್ತೇನೆ” ಎನ್ನುವ ಅಕ್ಕರೆಯಲ್ಲಿ 1939ರ ಭಯವೇ ಉಸಿರಾಡುತ್ತಿದೆ. ಎಷ್ಟು ದೂರ, ಯಾವ ವೇಗವೆಂಬುದನ್ನು ವೈದ್ಯರು ನಿರ್ಧರಿಸಲಿ. ಅವರು ನಡೆಯಿರಿ ಎಂದ ಮೇಲೆ ನಾವು ತಡೆಯದಿರೋಣ. ಜೊತೆಗೆ ನಾಲ್ಕು ಹೆಜ್ಜೆ ಹಾಕೋಣ.